ಮಧ್ಯಾಹ್ನ ಯಾರದು?

ಮಾರ್ಚ್ ಬಂತೆಂದರೆ ನಮ್ಮೆಲ್ಲರ ಮೊಬೈಲಿಗೂ ಒಂದೇ ಬಗೆಯ ಸಲಹೆಗಳು ಬರತೊಡಗುತ್ತವೆ. ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ, ಸಡಿಲವಾದ ಹತ್ತಿ ಬಟ್ಟೆ ತೊಡಿ, ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ. ಸಲಹೆಯಲ್ಲಿ ತಪ್ಪೇನಿಲ್ಲ. ವೈದ್ಯರು ಹೇಳುವುದೂ ಇದನ್ನೇ. ಆದರೆ ಆ ವಾಕ್ಯಗಳನ್ನು ಸ್ವಲ್ಪ ವ್ಯಾಕರಣದ ಕಣ್ಣಿನಿಂದ ನೋಡಿ. ಹೋಗುವುದು ಬಿಡುವುದು ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ 'ಹೋಗಬೇಡಿ' ಎನ್ನಬಹುದು. ತನ್ನ ಮಧ್ಯಾಹ್ನ ತನ್ನದೇ ಆಗಿರುವ ಮನುಷ್ಯನಿಗೆ ಬರೆದ ಸಲಹೆ ಇದು. ಮಧ್ಯಾಹ್ನವನ್ನು ಬೇರೆಯವರಿಗೆ ಮಾರಿಕೊಂಡವನಿಗೆ ಇದರಲ್ಲಿ ಒಂದು ಸಾಲೂ ಇಲ್ಲ.

ನಾನಿರುವ ಹಡಪಸರದಲ್ಲಿ ಈ ಇಬ್ಬರೂ ಒಂದೇ ರಸ್ತೆಯ ಎರಡು ಬದಿಯಲ್ಲಿದ್ದಾರೆ. ಮಗರಪಟ್ಟಾದ ಗಾಜಿನ ಕಟ್ಟಡಗಳ ಒಳಗೆ ನಮ್ಮಂಥವರು 24 ಡಿಗ್ರಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿರುತ್ತೇವೆ. ಹೊರಗೆ ಸೋಲಾಪುರ ರಸ್ತೆಯಲ್ಲಿ ಊಟದ ಚೀಲ ಹೊತ್ತ ಹುಡುಗರು ಸಿಗ್ನಲ್ಲಿನ ಬಳಿ ಒಂದಿಷ್ಟು ನೆರಳು ಸಿಕ್ಕರೆ ಅಲ್ಲೇ ಗಾಡಿ ನಿಲ್ಲಿಸಿಕೊಂಡಿರುತ್ತಾರೆ. ಪಕ್ಕದಲ್ಲೇ ಏಳುತ್ತಿರುವ ಕಟ್ಟಡದ ಮೇಲಿನಿಂದ ಕನ್ನಡ ಕೇಳಿಸುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ. ಪುಣೆಯನ್ನು ಕಟ್ಟಿದ ಕೈಗಳಲ್ಲಿ ಆ ಜಿಲ್ಲೆಗಳ ಕೈಗಳು ಎಷ್ಟಿವೆ ಎನ್ನುವುದು ಇಲ್ಲಿ ಮನೆ ಕೊಂಡ ನಮಗೆ ಗೊತ್ತಿರುವ ವಿಷಯವೇ.

ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ ಇದು: ಬಿಸಿಲಿನಿಂದ ಒಬ್ಬ ಮನುಷ್ಯ ಸತ್ತರೆ ಅದು ದುರದೃಷ್ಟವೋ, ಅನ್ಯಾಯವೋ? ಜುಡಿತ್ ಶ್ಕ್ಲಾರ್ ಎಂಬ ರಾಜಕೀಯ ಚಿಂತಕಿ 1990ರಲ್ಲಿ 'ದಿ ಫೇಸಸ್ ಆಫ್ ಇನ್‌ಜಸ್ಟಿಸ್' ಎಂಬ ಪುಸ್ತಕ ಬರೆದರು. ದುರದೃಷ್ಟ ಮತ್ತು ಅನ್ಯಾಯದ ನಡುವಿನ ಗೆರೆ ನಾವು ತಿಳಿದಷ್ಟು ಗಟ್ಟಿಯಲ್ಲ, ಅದನ್ನು ಎಲ್ಲಿ ಎಳೆಯುತ್ತೇವೆ ಎನ್ನುವುದೇ ಒಂದು ರಾಜಕೀಯ ನಿರ್ಧಾರ ಎನ್ನುವುದು ಅವರ ವಾದ. ಭೂಕಂಪ ದುರದೃಷ್ಟ. ಬೀಳುವಂಥ ಮನೆ ಕಟ್ಟಿಸಿದ್ದು ಅನ್ಯಾಯ. ಹಾಗಾದರೆ ಸೂರ್ಯನ ವಿಷಯದಲ್ಲಿ ಆ ಗೆರೆ ಎಲ್ಲಿದೆ?

ಹಡಪಸರದಿಂದ ಹೊರಟು ಖಂಡಾಳಾ ಘಟ್ಟ ಇಳಿದರೆ ಪನವೇಲ್, ಅದರಾಚೆ ಖಾರಘರ್. 2023ರ ಏಪ್ರಿಲ್ 16, ಭಾನುವಾರ, ಅಲ್ಲಿನ ದೊಡ್ಡ ಬಯಲಿನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ ಸಮಾರಂಭ ನಡೆಯಿತು. ಪ್ರಶಸ್ತಿ ಪಡೆದವರು ಸಮಾಜ ಸೇವಕ ಅಪ್ಪಾಸಾಹೇಬ ಧರ್ಮಾಧಿಕಾರಿ. ಅವರನ್ನು ಗುರುವೆಂದು ಕಾಣುವ ಲಕ್ಷಾಂತರ ಜನ ಸೇರಿದ್ದರು. ವೇದಿಕೆಗೆ ಚಾವಣಿ ಇತ್ತು, ಜನರ ತಲೆಯ ಮೇಲೆ ಇರಲಿಲ್ಲ. ಬೆಳಿಗ್ಗೆ ಶುರುವಾದ ಕಾರ್ಯಕ್ರಮ ಮುಗಿದಾಗ ಮಧ್ಯಾಹ್ನವಾಗಿತ್ತು. ಉಷ್ಣಾಂಶ ಸುಮಾರು 38 ಡಿಗ್ರಿ. ಬಿಸಿಲಿನ ಹೊಡೆತದಿಂದ ಆಸ್ಪತ್ರೆ ಸೇರಿದವರಲ್ಲಿ 14 ಜನ ತೀರಿಕೊಂಡರು. ಸರ್ಕಾರ ಪ್ರತಿ ಕುಟುಂಬಕ್ಕೆ 5 ಲಕ್ಷ ರೂಪಾಯಿ ಘೋಷಿಸಿತು. ಕೆಲವೇ ದಿನಗಳಲ್ಲಿ, ಬಿಸಿಲು ಇಳಿಯುವವರೆಗೆ ಮಧ್ಯಾಹ್ನ 12ರಿಂದ 5ರ ನಡುವೆ ಬಯಲಿನಲ್ಲಿ ಕಾರ್ಯಕ್ರಮ ಮಾಡಬಾರದು ಎಂದಿತು.

ಆಗ ನಡೆದ ಚರ್ಚೆಯಲ್ಲಿ ಎರಡು ಮಾತು ಮತ್ತೆ ಮತ್ತೆ ಕೇಳಿಬಂದವು. ಒಂದು, ಬಿಸಿಲನ್ನು ಯಾರು ತಡೆಯಲಾದೀತು. ಇನ್ನೊಂದು, ಅವರನ್ನು ಯಾರೂ ಎಳೆದು ತಂದಿರಲಿಲ್ಲ, ಭಕ್ತಿಯಿಂದ ತಾವಾಗಿಯೇ ಬಂದಿದ್ದರು. ಎರಡೂ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅದಕ್ಕೇ ಇವನ್ನು ಸುಲಭವಾಗಿ ತಳ್ಳಿಹಾಕಬಾರದು ಅನ್ನಿಸುತ್ತದೆ.

ಮೊದಲು ಬಿಸಿಲಿನ ಮಾತು. ಕನ್ನಡದಲ್ಲಿ ಬಿಸಿಲು ಬೇರೆ, ಸೆಕೆ ಬೇರೆ. ಬಿಸಿಲು ಕಣ್ಣಿಗೆ ಕಾಣುತ್ತದೆ, ಅದಕ್ಕೆ ನೆರಳೆಂಬ ಮದ್ದಿದೆ. ಸೆಕೆ ನೆರಳಿನಲ್ಲೂ ಬಿಡುವುದಿಲ್ಲ. ನಾನು ಉಡುಪಿ ಜಿಲ್ಲೆಯವನು. ಕರಾವಳಿಯ ಮಕ್ಕಳಿಗೆ ಏಪ್ರಿಲ್ಲಿನಲ್ಲಿ ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆವರುವುದು ಹೊಸದಲ್ಲ. ಹಡಪಸರದ್ದು ಒಣ ಬಿಸಿಲು. ಏಪ್ರಿಲ್ಲಿನಲ್ಲಿ 40 ದಾಟಿದರೂ ಮರದ ಕೆಳಗೆ ನಿಂತರೆ ಜೀವ ಬರುತ್ತದೆ. ಖಾರಘರ್‌ನದು ಸಮುದ್ರದ ಸೆಕೆ.

ಇದರ ಹಿಂದಿನ ಲೆಕ್ಕ ಸರಳ. ನಮ್ಮ ದೇಹ ಸುಮ್ಮನೆ ಕೂತಿದ್ದರೂ ಸುಮಾರು 100 ವ್ಯಾಟ್‌ನ ಬಲ್ಬಿನಷ್ಟು ಶಾಖ ಹುಟ್ಟಿಸುತ್ತದೆ. ಇಟ್ಟಿಗೆ ಹೊತ್ತರೆ ಅದು ಹಲವು ಪಟ್ಟು. ಹೊರಗಿನ ಗಾಳಿ ಮೈಗಿಂತ ಬಿಸಿಯಾದಾಗ ಆ ಶಾಖವನ್ನು ಹೊರಹಾಕಲು ಉಳಿಯುವ ದಾರಿ ಬೆವರು ಒಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ಆದರೆ ಆವಿಯಾದರೆ ಮಾತ್ರ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಮೈ ತಣಿಯುವುದಿಲ್ಲ. ಇದನ್ನು ಅಳೆಯಲು ತಾಪಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ನೋಡುತ್ತಾರೆ. ಅದಕ್ಕೆ ವೆಟ್ ಬಲ್ಬ್ ತಾಪಮಾನ ಎಂದು ಹೆಸರು. ಅದು 35 ಮುಟ್ಟಿದರೆ ಮನುಷ್ಯ ನೆರಳಿನಲ್ಲಿ ಕೂತಿದ್ದರೂ ಹೆಚ್ಚು ಹೊತ್ತು ಬದುಕಲಾರ ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಜನರ ಮೇಲೆ ಪ್ರಯೋಗ ಮಾಡಿ 2022ರಲ್ಲಿ ಹೇಳಿದ ಪ್ರಕಾರ, ತೇವದ ಹವೆಯಲ್ಲಿ 30-31ರ ಹೊತ್ತಿಗೇ ದೇಹ ಕೈಚೆಲ್ಲತೊಡಗುತ್ತದೆ. ನಮ್ಮ ಹವಾಮಾನ ಇಲಾಖೆಯೂ ಬಯಲುಸೀಮೆಗೆ 40 ಡಿಗ್ರಿಯ ಮಿತಿ ಇಟ್ಟು, ಕರಾವಳಿಗೆ 37 ಇಟ್ಟಿರುವುದು ಸುಮ್ಮನೆ ಅಲ್ಲ.

ನಮ್ಮ ವಸತಿ ಸಂಕೀರ್ಣದ ಹೊರಗೋಡೆಗೆ ಬಣ್ಣ ಬಳಿಯಲು ಬಂದಿದ್ದ ತಂಡದಲ್ಲಿ ಜೇವರ್ಗಿ ಕಡೆಯ ಒಬ್ಬರಿದ್ದರು. ವಯಸ್ಸು ಐವತ್ತರ ಹತ್ತಿರ. ಹಿಂದಿನ ಬೇಸಿಗೆಯಲ್ಲಿ ಮುಕಾದಮ ಅವರನ್ನು ಪನವೇಲ್ ಕಡೆಗೆ ಕೆಲಸಕ್ಕೆ ಕರೆದೊಯ್ದಿದ್ದನಂತೆ. ಇಲ್ಲಿನ ಬಿಸಿಲು ಹೇಗೆ ಎಂದು ಕೇಳಿದ್ದಕ್ಕೆ ನಕ್ಕರು. "ನಮ್ಮ ಕಡೀ ಬಿಸಲ ಮುಂದ ಇದೇನ್ರಿ ಸಾಹೇಬ್ರ. ಆದ್ರ ಪನವೇಲದಾಗ ಬಿಸಲು ಕಮ್ಮಿ ಇತ್ರಿ, ಜೀವಕ್ಕ ತ್ರಾಸ ಜಾಸ್ತಿ. ಮೈ ಒಣಗೂದೇ ಇಲ್ಲ. ನಮ್ಮೋನೊಬ್ಬ ನಿಂತಲ್ಲೇ ಬಿದ್ದ, ಎತ್ತಿ ಕೂಡಿಸಿದ್ವಿ." ಮುಂದೇನಾಯಿತು ಎಂದೆ. "ಏನಾಗ್ತದ್ರಿ, ಸಂಜೀಕ ಎದ್ದ. ಅರ್ಧಾ ಪಗಾರ ಹಿಡದ್ರು."

ಇದರಲ್ಲಿ ಎರಡನೆಯ ವಾದಕ್ಕೂ, ಅಂದರೆ 'ತಾವಾಗಿಯೇ ಬಂದರು' ಎನ್ನುವುದಕ್ಕೂ, ಒಂದು ಉತ್ತರವಿದೆ. ಒಪ್ಪಿಗೆ ನಿಜವಾದ ಒಪ್ಪಿಗೆ ಆಗಬೇಕಾದರೆ ಯಾವುದಕ್ಕೆ ಒಪ್ಪುತ್ತಿದ್ದೇನೆ ಎಂದು ಗೊತ್ತಿರಬೇಕು. 43 ಡಿಗ್ರಿಯಲ್ಲಿ ಬೆಳೆದವನಿಗೆ 37 ಎಂದರೆ ತಂಪು ಎನ್ನುತ್ತದೆ ಅನುಭವ. ಆ ಅನುಭವವೇ ಅವನಿಗೆ ಮೋಸ ಮಾಡುತ್ತದೆ. ತಲೆ ಸುತ್ತತೊಡಗುವ ಹೊತ್ತಿಗೆ ಯೋಚಿಸುವ ಶಕ್ತಿಯೂ ಮಂಕಾಗಿರುತ್ತದೆ, ಹಾಗಾಗಿ 'ಕಷ್ಟವಾದರೆ ಎದ್ದು ಹೋಗಬಹುದಿತ್ತಲ್ಲ' ಎನ್ನುವುದಕ್ಕೂ ಅರ್ಥ ಕಡಿಮೆ. ಕಣ್ಣಿಗೆ ಕಾಣದ ಅಪಾಯದಲ್ಲಿ ತಿಳಿವಳಿಕೆ ಇರುವವರ ಹೊಣೆ, ಧೈರ್ಯ ಇರುವವರ ಹೊಣೆಗಿಂತ ದೊಡ್ಡದು. ಮುನ್ಸೂಚನೆ ಯಾರ ಮೇಜಿನ ಮೇಲಿತ್ತೋ, ಸಮಯ ಯಾರು ಗೊತ್ತು ಮಾಡಿದರೋ, ಅವರ ಹೊಣೆ. ಆ ಏಪ್ರಿಲ್ಲಿನ ತೇವದ ಸೆಕೆಯ ಸಾಧ್ಯತೆಯನ್ನು ಭಾರತ ಮತ್ತು ಬಾಂಗ್ಲಾದೇಶದಲ್ಲಿ ಹವಾಮಾನ ಬದಲಾವಣೆ ಕಡೇಪಕ್ಷ 30 ಪಟ್ಟು ಹೆಚ್ಚಿಸಿದೆ ಎಂದು ವರ್ಲ್ಡ್ ವೆದರ್ ಆಟ್ರಿಬ್ಯೂಶನ್ ವಿಜ್ಞಾನಿಗಳ ತಂಡ ಮರುತಿಂಗಳೇ ಹೇಳಿತು. ಅಂದರೆ ಸೂರ್ಯನ ಪಾಲಿಗೆ ಬಿಟ್ಟಿದ್ದರಲ್ಲೂ ಮನುಷ್ಯರ ಕೈ ಇದೆ.

'ಬಿಸಿಲು ಎಲ್ಲರಿಗೂ ಒಂದೇ' ಎನ್ನುವ ಮಾತು ನಮ್ಮಲ್ಲಿದೆ. ಬಿಸಿಲು ಒಂದೇ ಇರಬಹುದು, ಆದರೆ ಗಡಿಯಾರ ಒಂದೇ ಅಲ್ಲ. ಕರ್ನಾಟಕ ಸರ್ಕಾರ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ ಕಚೇರಿ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ಬಹಳ ಒಳ್ಳೆಯ ಪದ್ಧತಿ. ಫ್ಯಾನಿನ ಕೆಳಗೆ ಕೂತು ಫೈಲು ನೋಡುವವರಿಗೂ ಆ ಬಿಸಿಲು ಹೆಚ್ಚಾಯಿತು ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಅದೇ ಜಿಲ್ಲೆಯಿಂದ ಬಂದು ಹಡಪಸರದ ಹನ್ನೆರಡನೆಯ ಮಹಡಿಯಲ್ಲಿ ಕಬ್ಬಿಣ ಕಟ್ಟುವವನಿಗೆ ಮಾತ್ರ ಸಂಜೆ ಆರರವರೆಗೂ ಹಾಜರಿ.

ಅವನ ಕಾಲ ಕೆಳಗಿನ ಕಾಂಕ್ರೀಟಿಗೂ ಒಂದು ನಿಯಮವಿದೆ. ಬಿಸಿ ಹವೆಯಲ್ಲಿ ಕಾಂಕ್ರೀಟ್ ಹಾಕುವುದಕ್ಕೆಂದೇ ಭಾರತೀಯ ಮಾನಕ ಐಎಸ್ 7861 ಇದೆ. ಹಾಕುವ ಹೊತ್ತಿಗೆ ಕಾಂಕ್ರೀಟಿನ ತಾಪ 40 ಡಿಗ್ರಿ ಮೀರಬಾರದು, ಜಲ್ಲಿಯನ್ನು ನೆರಳಿನಲ್ಲಿಡಬೇಕು, ನೀರಿಗೆ ಮಂಜುಗಡ್ಡೆ ಬೆರೆಸಬಹುದು, ಹಾಕಿದ ಮೇಲೆ ಒದ್ದೆ ಗೋಣಿ ಹೊದಿಸಬೇಕು. ಸಾಧ್ಯವಿದ್ದರೆ ಸ್ಲ್ಯಾಬ್ ಕೆಲಸವನ್ನು ಸಂಜೆಗೋ ರಾತ್ರಿಗೋ ಇಟ್ಟುಕೊಳ್ಳುತ್ತಾರೆ. ನನ್ನದೇ ಕ್ಷೇತ್ರದಲ್ಲಿ ಡೇಟಾ ಸೆಂಟರಿನ ಸರ್ವರ್‌ಗಳಿಗೆ 18ರಿಂದ 27 ಡಿಗ್ರಿ ಒಳ್ಳೆಯದೆಂದು ಗೊತ್ತು ಮಾಡಿದ್ದಾರೆ. ಮಿತಿ ಮೀರಿದರೆ ನಡುರಾತ್ರಿಯಲ್ಲೂ ಯಾರದೋ ಫೋನು ಹೊಡೆದುಕೊಳ್ಳುತ್ತದೆ. ಕಾಂಕ್ರೀಟಿನ ಮೇಲೋ ಸರ್ವರ್ ಮೇಲೋ ನನಗೆ ಹೊಟ್ಟೆಕಿಚ್ಚಿಲ್ಲ. ನಾನು ಹೇಳುವುದಿಷ್ಟೇ: ಅವು ಕೆಟ್ಟರೆ ನಷ್ಟ ಯಾರ ಲೆಕ್ಕದಲ್ಲಿ ಬೀಳುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು, ಅದಕ್ಕೇ ಅವಕ್ಕೆ ನೆರಳು ಸಿಕ್ಕಿದೆ. ದಿನಗೂಲಿಯವನು ಬಿದ್ದರೆ ನಷ್ಟ ಅವನ ಮನೆಯ ಲೆಕ್ಕಕ್ಕೆ ಹೋಗುತ್ತದೆ. ನಮ್ಮ ದೇಶದ ಲೆಕ್ಕಪತ್ರವೂ ಹೆಚ್ಚು ಬೇರೆಯಾಗಿಲ್ಲ. 2021ರಿಂದ 2026ರ ಅವಧಿಗೆ ವಿಪತ್ತು ಪರಿಹಾರ ನಿಧಿಯ 12 ವಿಪತ್ತುಗಳ ಪಟ್ಟಿಯಲ್ಲಿ ಶೀತಗಾಳಿ ಇತ್ತು, ಬಿಸಿಗಾಳಿ ಇರಲಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಮಧ್ಯಾಹ್ನ ಕೆಲಸ ನಿಲ್ಲಿಸಿ ಎಂದು ಎಸಿಯಲ್ಲಿ ಕೂತು ಬರೆಯುವುದು ಸುಲಭ, ಮೂರು ಗಂಟೆ ನಿಂತರೆ ಕೂಲಿ ಕೊಡುವವರು ಯಾರು? ಮಧ್ಯಾಹ್ನ ಎರಡಕ್ಕೆ ನಾವು ಊಟ ತರಿಸದಿದ್ದರೆ ಗಾಡಿಯ ಹುಡುಗನಿಗೆ ಆ ದಿನದ ಗಳಿಕೆಯೇ ತಪ್ಪುತ್ತದೆ. ಹಸಿವಿನಿಂದ ಕಾಪಾಡಲಾಗದವರು ಬಿಸಿಲಿನಿಂದ ಕಾಪಾಡುತ್ತೇವೆ ಎಂದು ಹೊರಡುವುದು ಒಂದು ಬಗೆಯ ದೊಡ್ಡಸ್ತಿಕೆ ಅಲ್ಲವೇ? ಜೇವರ್ಗಿಯವರೂ ಅದನ್ನೇ ಹೇಳಿದ್ದರು. "ನೀವು ಕೆಲಸ ಬಂದ್ ಮಾಡಸ್ತೀರಿ, ಛಲೋನ ಆತು. ರೊಕ್ಕಾ?"

ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟರೆ ಉಳಿದ ನೀತಿಮಾತೆಲ್ಲ ಪೊಳ್ಳು. ಆದರೆ ಇದು ಉತ್ತರವಿಲ್ಲದ ಪ್ರಶ್ನೆಯಂತೂ ಅಲ್ಲ. ಕೇರಳದ ಕಾರ್ಮಿಕ ಇಲಾಖೆ ಬೇಸಿಗೆಯಲ್ಲಿ ಬಯಲಿನ ಕೆಲಸದವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿರಾಮ ಕಡ್ಡಾಯ ಮಾಡುತ್ತದೆ. ಎಂಟು ಗಂಟೆಯ ಕೆಲಸ ಹಾಗೇ ಇರುತ್ತದೆ, ಬೆಳಿಗ್ಗೆ 7ರಿಂದ ಸಂಜೆ 7ರ ನಡುವೆ ಹೊಂದಿಸಿಕೊಳ್ಳಬೇಕು. ಕಾಸರಗೋಡಿನ ಕನ್ನಡ ಕೂಲಿಯವನಿಗೂ ಇದೇ ನಿಯಮ. ಇಲ್ಲಿ ಕೂಲಿ ಕಡಿತವಾಗುವುದಿಲ್ಲ, ಗಡಿಯಾರ ಬದಲಾಗುತ್ತದೆ. ಕತಾರ್ ದೇಶದಲ್ಲಿ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ 3.30ರ ತನಕ ಬಯಲಿನ ಕೆಲಸಕ್ಕೆ ತಡೆ ಇದೆ. ಬಿಸಿಲು, ತೇವ, ಗಾಳಿ ಮೂರನ್ನೂ ಸೇರಿಸಿ ಅಳೆಯುವ ಸೂಚ್ಯಂಕ 32.1 ದಾಟಿದರೆ ಯಾವ ಹೊತ್ತಿನಲ್ಲೇ ಆಗಲಿ ಕೆಲಸ ನಿಲ್ಲಬೇಕು. ಕೂಲಿಯೇ ತಪ್ಪುವ ಸ್ವಂತ ದುಡಿಮೆಯವರಿಗಾಗಿ ಅಹಮದಾಬಾದಿನ ಸೇವಾ ಸಂಘಟನೆ ಬೇರೆ ದಾರಿ ಹುಡುಕಿತು. ಉಷ್ಣಾಂಶ ಗೊತ್ತು ಮಾಡಿದ ಮಿತಿ ದಾಟಿದರೆ ಅರ್ಜಿ, ತಪಾಸಣೆ ಯಾವುದೂ ಇಲ್ಲದೆ ಹಣ ಖಾತೆಗೆ ಬೀಳುವ ವಿಮೆ ಅದು. 2024ರ ಬೇಸಿಗೆಯಲ್ಲಿ 40,000ಕ್ಕೂ ಹೆಚ್ಚು ಮಹಿಳೆಯರಿಗೆ ಹಾಗೆ ಹಣ ಬಂತು. ಮೊತ್ತ ಸಣ್ಣದು. ಆದರೂ ಅದು ಮಧ್ಯಾಹ್ನದ ಬೆಲೆಯನ್ನು ಯಾರು ಕೊಡಬೇಕು ಎನ್ನುವ ಪ್ರಶ್ನೆಗೆ ಒಂದು ಪ್ರಾಮಾಣಿಕ ಉತ್ತರ.

ನಮ್ಮ ಸಂಸ್ಕೃತಿ ಬಿಸಿಲಿಗೆ ಕಂಡುಕೊಂಡ ಧರ್ಮವೆಂದರೆ ಅರವಟ್ಟಿಗೆ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗೆ ಭೂಮಿ ಬಿಟ್ಟುಕೊಟ್ಟ ಮಾತು ಕನ್ನಡ ಶಾಸನಗಳಲ್ಲೇ ಬರುತ್ತದೆ. ಮರಾಠಿಯಲ್ಲಿ ಅದೇ ಪಾಣಪೋಯಿ. ಆಷಾಢಿ ವಾರಿಯಲ್ಲಿ ಜ್ಞಾನೇಶ್ವರರ ಪಾಲಖಿ ಸಾಸವಡದ ಕಡೆಗೆ, ತುಕಾರಾಮರ ಪಾಲಖಿ ಲೋಣಿಯ ಕಡೆಗೆ ಹಡಪಸರವನ್ನು ಹಾದೇ ಹೋಗುತ್ತವೆ. ಆ ದಿನ ಇಲ್ಲಿನ ಒಂದೊಂದು ಗಲ್ಲಿಯೂ ಅರವಟ್ಟಿಗೆಯೇ. ನೀರು, ಮಜ್ಜಿಗೆ, ಬಾಳೆಹಣ್ಣು ಹಿಡಿದು ಮಕ್ಕಳೂ ನಿಂತಿರುತ್ತಾರೆ. ಅದನ್ನು ನೋಡಿದಾಗ ಮನಸ್ಸು ತುಂಬುತ್ತದೆ. ಆದರೆ ಅರವಟ್ಟಿಗೆ ದಾರಿಹೋಕನಿಗೆಂದು ಹುಟ್ಟಿದ ಧರ್ಮ. ದಾರಿಹೋಕ ಬೇಕೆಂದಾಗ ನಿಲ್ಲಬಲ್ಲ, ಮರದಡಿ ಕೂರಬಲ್ಲ, ಬೆಳಗಿನ ಜಾವವೇ ಹೊರಟು ಬಿಸಿಲೇರುವ ಮುನ್ನ ತಂಗಬಲ್ಲ. ಕೆಲಸದ ಮೇಲಿರುವವನಿಗೆ ನೀರು ಕೊಟ್ಟು, ಅದೇ ಬಿಸಿಲಿನಲ್ಲಿ ಅದೇ ಕೆಲಸಕ್ಕೆ ಮರಳಿ ಕಳಿಸಿದರೆ ಅದು ದಾನವಾಯಿತು, ನ್ಯಾಯ ಬಾಕಿಯೇ ಉಳಿಯಿತು. ಸೆಕೆಯ ದಿನದಲ್ಲಂತೂ ಎಷ್ಟು ನೀರು ಕುಡಿದರೂ ಬೆವರು ಆರದಿದ್ದರೆ ಮೈ ತಣಿಯದು. ಮನೆಬಾಗಿಲಿಗೆ ಬಂದ ಹುಡುಗನಿಗೆ ತಣ್ಣೀರು ಕೊಡುವುದು ಒಳ್ಳೆಯದೇ. ಅಲ್ಲಿಗೆ ನಮ್ಮ ಹೊಣೆ ತೀರಿತು ಎಂದುಕೊಳ್ಳಬಾರದು ಅಷ್ಟೇ.

ಪುಣೆಯ ಹಳೆಯ ಪೇಟೆಗಳಲ್ಲಿ ಅಂಗಡಿಯವರು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿ ಮಲಗುವ ಪದ್ಧತಿಯ ಬಗ್ಗೆ ಹೊರಗಿನಿಂದ ಬಂದ ನಾವೆಲ್ಲ ಜೋಕು ಮಾಡಿದ್ದೇವೆ. ಈಗ ನನಗೆ ಅದರಲ್ಲಿ ಸೋಮಾರಿತನ ಕಾಣುವುದಿಲ್ಲ. ಬಿಸಿಲ ನಾಡಿನ ಜನ ಮಧ್ಯಾಹ್ನಕ್ಕೆ ಕಂಡುಕೊಂಡ ಬುದ್ಧಿವಂತಿಕೆ ಅದು. ಆದರೆ ಅಂಗಡಿ ಸ್ವಂತದ್ದಾಗಿದ್ದರಿಂದ ಅದು ಸಾಧ್ಯವಾಯಿತು. ತನ್ನ ಮಧ್ಯಾಹ್ನ ತನ್ನದಾಗಿದ್ದವನು ಮಲಗಿದ.

ಬೇರೆಯವರ ಸಮಯವನ್ನು ಹೊಂದಿಸುವುದೇ ನನ್ನ ವೃತ್ತಿ. ಯಾವ ಕೆಲಸ ಯಾವಾಗ ಶುರು, ಯಾವಾಗ ಮುಗಿಯಬೇಕು, ಎಲ್ಲಿ ಎಷ್ಟು ದಿನ ಹೆಚ್ಚುವರಿ ಇಡಬೇಕು ಎಂದು ಬರೆಯುವುದು. ನಮ್ಮಲ್ಲಿ ಮೊದಲೇ ಊಹಿಸಬಹುದಾದ ತೊಂದರೆಯನ್ನು ಯೋಜನೆಯಲ್ಲಿ ಬರೆಯದಿದ್ದರೆ, ಅದು ಬಂದಾಗ 'ಅನಿರೀಕ್ಷಿತ' ಎನ್ನಲು ಬಿಡುವುದಿಲ್ಲ. ಕಟ್ಟಡದವರೂ ಮಳೆಗಾಲಕ್ಕೆಂದು ದಿನಗಳನ್ನು ಬಿಟ್ಟೇ ಯೋಜನೆ ಹಾಕುತ್ತಾರೆ. ಏಪ್ರಿಲ್ಲಿನಲ್ಲಿ ಬಿಸಿಲು ಇರುತ್ತದೆ ಎನ್ನುವುದು ಜೂನಿನಲ್ಲಿ ಮಳೆ ಬರುತ್ತದೆ ಎನ್ನುವುದಕ್ಕಿಂತ ಹೆಚ್ಚು ಖಚಿತ. ಆದರೂ ಬಿಸಿಲಿಗೆಂದು ಯಾರೂ ದಿನ ಬಿಡುವುದಿಲ್ಲ. ಮಳೆ ಬಂದರೆ ಕೆಲಸವೇ ಕೆಡುತ್ತದೆ, ಬಿಸಿಲು ಬಂದರೆ ಕೆಡುವುದು ಕೆಲಸದವನು. ಶ್ಕ್ಲಾರ್ ಕೇಳಿದ ಗೆರೆ ನನಗೆ ಕಾಣುವುದು ಇಲ್ಲಿ. ಬಿಸಿಲು ಬರುವುದು ದುರದೃಷ್ಟ ಇರಬಹುದು. ಬರುತ್ತದೆಂದು ಗೊತ್ತಿದ್ದೂ ಇನ್ನೊಬ್ಬನ ಮಧ್ಯಾಹ್ನವನ್ನು ಅದರ ಕೆಳಗೆ ಇಟ್ಟು ವೇಳಾಪಟ್ಟಿ ಬರೆಯುವುದು ಅನ್ಯಾಯ. ಬರೆದವರು ಸರ್ಕಾರವಾಗಲಿ, ಬಿಲ್ಡರ್ ಆಗಲಿ, ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುತ್ತೇವೆ ಎನ್ನುವ ಆ್ಯಪ್ ಆಗಲಿ, ಒಂದು ವಸತಿ ಸಂಕೀರ್ಣದ ಸಮಿತಿಯಾಗಲಿ.

ಕೊನೆಯದನ್ನು ಬೇಕೆಂದೇ ಹೇಳಿದೆ. ನಮ್ಮ ಸಂಕೀರ್ಣದ ನಿಯಮದ ಪ್ರಕಾರ ಹೊರಗಿನ ಕೆಲಸಗಾರರ ಸಮಯ ಬೆಳಿಗ್ಗೆ 10ರಿಂದ ಸಂಜೆ 6. ನಿವಾಸಿಗಳ ನೆಮ್ಮದಿಗೆಂದು ಮಾಡಿದ ನಿಯಮ. ಬಣ್ಣದವರು ಗೋಡೆಗೆ ಜೋತುಬಿದ್ದು ನಡುಹಗಲಲ್ಲೇ ಕೆಲಸ ಮಾಡಬೇಕಾಗಿ ಬಂದದ್ದು ಬಿಸಿಲಿನಿಂದಲ್ಲ, ಈ ನಿಯಮದಿಂದ. ಬೆಳಿಗ್ಗೆ 6ಕ್ಕೆ ಶುರು ಮಾಡಿ 12ಕ್ಕೆ ನಿಲ್ಲಿಸಲಿ ಎಂದು ಸಭೆಯಲ್ಲಿ ಕೆಲವರು ಕೇಳಿದೆವು. ಆಕ್ಷೇಪ ಬಂತು. ಅಮೆರಿಕದ ಕ್ಲೈಂಟ್ ಜೊತೆ ಮಾತಾಡಿ ರಾತ್ರಿ ಒಂದಕ್ಕೆ ಮಲಗುವವರು ಇಲ್ಲಿ ಬಹಳ ಜನ, ಆರಕ್ಕೆ ಗೋಡೆ ಕೆರೆಯುವ ಸದ್ದು ಶುರುವಾದರೆ ಹೇಗೆ? ನಾನೂ ಅಂಥ ರಾತ್ರಿಗಳನ್ನು ಬಲ್ಲೆ. ನಮ್ಮ ರಾತ್ರಿಯ ಒಡೆಯರೂ ನಾವಲ್ಲ. ಬೇರೆಲ್ಲೋ ಯಾರೋ ಇಟ್ಟ ಗಡಿಯಾರದಿಂದ ನಮ್ಮ ನಿದ್ದೆ ಹೋಗಿದೆ, ಹೋದ ನಿದ್ದೆಯನ್ನು ನಾವು ಬೆಳಿಗ್ಗೆ ಹಿಂಪಡೆಯುತ್ತೇವೆ, ಅದರ ಬೆಲೆಯನ್ನು ಗೋಡೆಯ ಮೇಲಿನವರ ಮಧ್ಯಾಹ್ನ ಕೊಡುತ್ತದೆ. ಹೊಣೆ ಹೀಗೆ ಕೈಯಿಂದ ಕೈಗೆ ದಾಟುತ್ತ ಕೊನೆಗೆ ದಾಟಿಸಲು ಯಾರೂ ಇಲ್ಲದವನ ಮೇಲೆ ನಿಲ್ಲುತ್ತದೆ. ನಿದ್ದೆಗೆಟ್ಟ ಬೆಳಿಗ್ಗೆಯೂ ಕಷ್ಟವೇ. ಆದರೆ ಅದನ್ನೂ 40 ಡಿಗ್ರಿಯ ಗೋಡೆಯನ್ನೂ ಒಂದೇ ತಕ್ಕಡಿಯಲ್ಲಿಡಲಾಗದು.

ದಾರಿ ತೋರಿಸಿದ್ದು ಜೇವರ್ಗಿಯವರೇ. ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಮುಂಜಾನೆ ಪಶ್ಚಿಮದ ಗೋಡೆಗೆ ನೆರಳಿರುತ್ತದೆ, ಇಳಿಹೊತ್ತಿನಲ್ಲಿ ಪೂರ್ವದ ಗೋಡೆಗೆ. ನೆರಳಿನ ಹಿಂದೆ ನಾವು ಹೋಗುತ್ತೇವೆ ಎಂದರು. ರೋಲರ್ ಕೆಲಸಕ್ಕೆ ಸದ್ದಿಲ್ಲ, ಅದು ಆರೂವರೆಗೆ ಶುರುವಾಗಲಿ. ಕೆರೆಯುವುದು, ಕೊರೆಯುವುದು ಒಂಬತ್ತರ ಮೇಲೆ. ಹನ್ನೆರಡರಿಂದ ಮೂರೂವರೆ ಬಿಡುವು, ಪಾರ್ಕಿಂಗಿನ ನೆರಳಿನಲ್ಲಿ ಮಲಗಲು ಜಾಗ, ಕೂಲಿ ಪೂರ್ತಿ. ಇದರಿಂದ ಕೆಲಸ ಎಂಟು ದಿನ ಹೆಚ್ಚಾಗುತ್ತದೆ, ಜೂಲಾದ ಬಾಡಿಗೆ ಏರುತ್ತದೆ ಎಂದ ಕಂತ್ರಾಟುದಾರ. ಹೆಚ್ಚಿನ ಹಣವನ್ನು ಎಲ್ಲ ಮನೆಗಳಿಗೆ ಹಂಚಿದಾಗ ಒಂದು ಮನೆಗೆ ಬಂದದ್ದು ಒಂದು ಪಿಜ್ಜಾದ ಬೆಲೆಗಿಂತ ಕಡಿಮೆ. ಅಷ್ಟಕ್ಕೂ ಎರಡು ಸಭೆ ಬೇಕಾಯಿತು. ಇಬ್ಬರು ಇಂದಿಗೂ ಒಪ್ಪಿಲ್ಲ, ಅವರ ಮಾತಿಗೂ ಕಾರಣಗಳಿವೆ.

ಇದರಿಂದ ಖಾರಘರ್‌ನ 14 ಜನರ ಸಾವಿಗೆ ಉತ್ತರ ಸಿಗುವುದಿಲ್ಲ, ಪನವೇಲಿನಲ್ಲಿ ಹಿಡಿದ ಅರ್ಧ ಪಗಾರವೂ ಮರಳುವುದಿಲ್ಲ. ಅದಕ್ಕೆ ಕಾನೂನೇ ಬೇಕು, ಕರಾವಳಿಯ ಸೆಕೆಯನ್ನು ಸೆಕೆಯಾಗಿಯೇ ಅಳೆಯುವ ಕಾನೂನು. ಆದರೆ ಕಾನೂನು ಬರುವವರೆಗೆ, ಬಂದ ಮೇಲೂ, ವೇಳಾಪಟ್ಟಿ ಬರೆಯುವ ಸಾವಿರಾರು ಸಣ್ಣ ಸಣ್ಣ ಕೈಗಳಲ್ಲಿ ನಮ್ಮವೂ ಇವೆ. ಈ ಬೇಸಿಗೆಯಲ್ಲಿ ನಿಮ್ಮ ಕಟ್ಟಡದಲ್ಲಿ ಏನಾದರೂ ಕೆಲಸ ನಡೆಯುವುದಿದ್ದರೆ ನೀರಿನ ಬಾಟಲಿ ಕೊಡುವ ಮೊದಲು ಒಮ್ಮೆ ಕೆಲಸದ ಸಮಯ ಎಷ್ಟರಿಂದ ಎಷ್ಟರವರೆಗೆ ಎಂದು ವಿಚಾರಿಸಿ. ಆ ಸಮಯ ಇಟ್ಟವರು ಯಾರು ಎಂದೂ ಕೇಳಿ. ಬಹುಶಃ ಅದು ನಿಮ್ಮದೇ ಸಮಿತಿ.